ಮಿಶ್ರಿ ಬಿಟ್ಟ ಅತ್ತೆ

ನಾಲವಾರದ ಅನಸುಬಾಯಿಯ ಚೊಚ್ಚಲ ಗಂಡುಕೂಸು ಹುಟ್ಟುವಾಗಲೇ ಅಂಗೈಯಗಲ ಇತ್ತು. ಹೃದಯದಲ್ಲಿ ದೋಷವಿದೆ ಎಂದರು ಗುಲಬರ್ಗಾದ ಡಾಕ್ಟರು. ಎರಡು ತಿಂಗಳೂ ಉಳಿಯಲಿಲ್ಲ. ಎಪ್ಪತ್ತಾರನೆಯ ಇಸವಿಯಲ್ಲಿ ಮತ್ತೆ ಬಸುರಾದಾಗ ಅವಳು ಯಾರ ಮುಂದೆಯೂ ಖುಷಿ ತೋರಿಸಿಕೊಳ್ಳಲಿಲ್ಲ.

ಆರು ತಿಂಗಳು ತುಂಬಿದಾಗ ನರ್ಸ್ ಲತೀಫಾ ಮನೆಗೆ ಬಂದರು. ಅನಸುಬಾಯಿ ಆಗಷ್ಟೇ ಒಸಡಿಗೆ ಮಿಶ್ರಿ ತಿಕ್ಕಿಕೊಂಡಿದ್ದಳು. ತಂಬಾಕನ್ನು ಹಂಚಿನ ಮೇಲೆ ಸುಟ್ಟು ಆ ಕರಿಪುಡಿ ಅರೆಯುತ್ತಿದ್ದವಳು ಅತ್ತೆ ಭಾಗಮ್ಮ. ಇಬ್ಬರಿಗೂ ದಿನಕ್ಕೆ ನಾಲ್ಕು ಸಲ ಅದು ಬೇಕು.

ಲತೀಫಾ ಹೊಟ್ಟೆಯ ಮೇಲೆ ಕಟ್ಟಿಗೆಯ ಕೊಳವೆ ಇಟ್ಟು, ಕಿವಿ ಹಚ್ಚಿ, ಗಡಿಯಾರ ನೋಡುತ್ತ ಎಣಿಸಿದರು.

"ಕೂಸಿನ ಎದಿ ಭಾಳ ಜೋರ ಬಡ್ಕೊಳ್ಳಾಕತ್ತದ. ಮಿಶ್ರಿ ಹಚ್ಚಿಯೇನವ್ವಾ?"

"ಹೂಂರಿ, ಈಗಷ್ಟ."

"ಅದು ನಿನ್ನ ಬಾಯಾಗ ಉಳಿಯಂಗಿಲ್ಲ. ರಕ್ತದಾಗ ಸೇರಿ ಕೂಸಿನ ಎದಿತನಾ ಹೋಗ್ತದ."

ಅನಸುಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹಂಗಾರ ಮೊದಲಿಂದು..."

"ಅದರಿಂದನೇ ಹೋಯ್ತಂತ ಯಾರಿಗೂ ಹೇಳಾಕ ಬರಂಗಿಲ್ಲ. ಇದಕ್ಕರ ತ್ರಾಸ ಕೊಡಬ್ಯಾಡ."

ಗೋಡೆಗೆ ಆತು ಕೂತಿದ್ದ ಭಾಗಮ್ಮ ಎದ್ದು ಬಂದಳು. "ಬಾಯಾರ, ನಾನೂ ಕೇಳ್ಲೇನ್ರಿ?"

ಕೊಳವೆಗೆ ಕಿವಿ ಹಚ್ಚಿ ಅವಳು ಬಹಳ ಹೊತ್ತು ಬಾಗಿಯೇ ಇದ್ದಳು. ಆಮೇಲೆ ಒಳಗೆ ಹೋಗಿ ಡಬ್ಬಿಯಲ್ಲಿದ್ದ ಮಿಶ್ರಿಯನ್ನೆಲ್ಲ ಬಚ್ಚಲಿಗೆ ಸುರಿದಳು.

"ಅತ್ತಿ, ನಿಮಗ್ಯಾಕ? ನೀವು ಹಚ್ಕೋರಿ."

"ನಾ ಹಚ್ಕೋತ ಕುಂತ್ರ ನೀ ಹೆಂಗ ತಡ್ಕೋತಿ?"

ನಲವತ್ತು ವರ್ಷದ ಚಟ. ಭಾಗಮ್ಮನಿಗೆ ತಲೆ ಸಿಡಿಯಿತು, ಕೈ ನಡುಗಿತು, ಕಂಡಕಂಡವರ ಮೇಲೆ ಸಿಟ್ಟು. ಬೇಳೆ ಬೇಯಲಿಲ್ಲವೆಂದು ಸೊಸೆಯ ಜೊತೆ ಜಗಳ ತೆಗೆದಳು, ತಾನೇ ಅತ್ತಳು. ಇಬ್ಬರೂ ಓಂಕಾಳು ಜಗಿಯುತ್ತ ದಿನ ದೂಡಿದರು. ಒಂದು ಮಧ್ಯಾಹ್ನ ತಡೆಯಲಾರದೆ ಅನಸುಬಾಯಿ ನೆರೆಮನೆಗೆ ಚಿಟಿಕೆ ಮಿಶ್ರಿ ಬೇಡಲು ಹೊರಟಳು. ಭಾಗಮ್ಮ ಬೈಯಲಿಲ್ಲ. ಅವಳ ಕೈ ಹಿಡಿದು ಹೊಸ್ತಿಲ ಮೇಲೆ ಕೂತಳು, ಆಸೆ ಇಳಿಯುವ ತನಕ ಬಿಡಲಿಲ್ಲ.

ಹೆಣ್ಣುಕೂಸು ಹುಟ್ಟಿತು, ಓಣಿಗೆಲ್ಲ ಕೇಳುವ ಹಾಗೆ ಅತ್ತಿತು. ಮೂರನೆಯ ದಿನ ಪರೀಕ್ಷಿಸಿದ್ದ ಲತೀಫಾ ಆರನೆಯ ತಿಂಗಳಲ್ಲಿ ಮತ್ತೆ ಬಂದು ನೋಡಿ, "ಎದಿ ಚಲೋ ಅದ," ಎಂದರು.

ಅನಸುಬಾಯಿ ಅವರ ಕಾಲು ಮುಟ್ಟಲು ಬಾಗಿದಳು. ಲತೀಫಾ ಹಿಂದೆ ಸರಿದರು. "ನಾ ಬರೇ ಹೇಳಿದ್ದಷ್ಟ. ಹಿಂಗ ಹತ್ತು ಮನ್ಯಾಗ ಹೇಳ್ತೀನಿ. ಸೊಸಿ ಜೋಡಿ ತಾನೂ ಬಿಟ್ಟ ಅತ್ತಿನ್ನ ಇಲ್ಲೇ ನೋಡಿದ್ದು."

ಆ ಸಂಜೆ ಅನಸುಬಾಯಿ ಎಣ್ಣೆ ಬಿಸಿ ಮಾಡಿ ತಂದು ಅತ್ತೆಯ ಒಡೆದ ಹಿಮ್ಮಡಿಗೆ ತಿಕ್ಕತೊಡಗಿದಳು. ಭಾಗಮ್ಮ ಗಾಬರಿಯಾಗಿ ಕಾಲು ಎಳೆದುಕೊಂಡಳು.

"ಏನ ಬೇಕಾಗ್ಯದ ನಿನಗ?"

"ಏನೂ ಬ್ಯಾಡ್ರಿ," ಎಂದಳು ಅನಸುಬಾಯಿ, ಕಣ್ಣೊರೆಸಿಕೊಳ್ಳುತ್ತ. "ಸುಮ್ಮ ಕುಂದ್ರಿ."