ಮೇಸ್ತ್ರಿಯ ಕಿವಿಗೆ ಬಿದ್ದ ಸದ್ದು

ಗಾದಿಗನೂರಿನ ಮೂಕಣ್ಣನ ಪಿಕಪ್ಪಿಗೆ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಒಂದು ಹೆಸರಿತ್ತು. ಹಮಾಲರು ಅದನ್ನು ಆನೆ ಎಂದು ಕರೆಯುತ್ತಿದ್ದರು. ಹೊಸದರಲ್ಲಿ ಆ ಹೆಸರು ಕೇಳಿ ಮೂಕಣ್ಣ ಹಿಗ್ಗಿದ್ದುಂಟು. ಈಗ ಅದು ಕಿವಿಗೆ ಬಿದ್ದರೆ ಹಿಂದೆ ತಿರುಗಿ ಏರುವ ಚೀಲಗಳನ್ನು ಎಣಿಸತೊಡಗುತ್ತಿದ್ದ.

ಮೊದಲು ಅದೂ ಎಲ್ಲ ಗಾಡಿಗಳಂತೆಯೇ ಇತ್ತು. ಹೊಸಪೇಟೆ ದಾಟಿ ಸಂಡೂರಿನ ಏರು ಹತ್ತುವಾಗ ಏದುಸಿರು ಬಿಡುತ್ತಿತ್ತು. ಹಿಂದೆ ಅದಿರಿನ ಟಿಪ್ಪರುಗಳು ಹಾರ್ನು ಹೊಡೆದು ಮಾನ ಕಳೆಯುತ್ತಿದ್ದವು. ಮಗ ಮಾರೇಶ ಆಗ ಅಪ್ಪನ ಜೊತೆ ಕ್ಲೀನರಾಗಿ ಬರುತ್ತಿದ್ದ. ಅವನೇ ಹಟ ಹಿಡಿದು ಗಾಡಿಯನ್ನು ಹೊಸಪೇಟೆಯ ಪ್ರಭಂಜನನ ಶೆಡ್ಡಿಗೆ ಹೊಡೆಸಿಕೊಂಡು ಹೋದದ್ದು.

ಪ್ರಭಂಜನ ಇಂಜಿನಿಯರಿಂಗ್ ಓದಿದವನು. ಬೆಳಗಿನ ಪೂಜೆ ಮುಗಿಸಿ, ಹಣೆಯ ಮೇಲೆ ಅಂಗಾರ ಅಕ್ಷತೆ ಇಟ್ಟುಕೊಂಡೇ ಶೆಡ್ಡಿಗೆ ಬರುತ್ತಿದ್ದ. ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಲ್ಯಾಪ್‌ಟಾಪಿನ ವೈರು ಸಿಕ್ಕಿಸಿ, "ಎಂಜಿನ್ನಿಗೂ ಒಂದು ಮೆದುಳು ಇರತೈತ್ರಿ ಮೂಕಣ್ಣ. ಎಷ್ಟು ಡೀಸೆಲ್ ಕುಡೀಬೇಕು, ಟರ್ಬೋ ಎಷ್ಟು ಗಾಳಿ ತುಂಬಬೇಕು ಅಂತ ಕಂಪನಿಯವ್ರು ಅದರಾಗ ಬರದಿಟ್ಟಿರ್ತಾರ. ಅದನ್ನ ನಾವು ತಿದ್ದೋದು, ಅಷ್ಟೇ" ಎಂದಿದ್ದ. ಡೀಸೆಲು ಏರಿಸಿದ, ಗಾಳಿಯ ಒತ್ತಡ ಏರಿಸಿದ, ಆ ಗಾಳಿಯನ್ನು ತಂಪು ಮಾಡುವ ದೊಡ್ಡ ಜಾಲರಿಯನ್ನು ಮುಂದೆ ಕೂರಿಸಿದ. ಮಾರೇಶನಿಗೆ ಅಷ್ಟು ಸಾಲಲಿಲ್ಲ. ಸೈಲೆನ್ಸರಿನ ಡಬ್ಬಿ ಕೊಯ್ದು ತೆಗೆದು, ಆ ಜಾಗಕ್ಕೆ ತಾನೇ ನೇರ ಪೈಪು ವೆಲ್ಡಿಂಗ್ ಮಾಡಿದ. ಗಾಡಿ ಶುರುವಾದರೆ ಶೆಡ್ಡಿನ ತಗಡು ನಡುಗಿತು. ಮಾರೇಶ ಕುಣಿದಾಡಿಬಿಟ್ಟ.

"ಸದ್ದು ಬ್ಯಾರೆ, ಶಕ್ತಿ ಬ್ಯಾರೆ ಮಾರಾಯ" ಎಂದು ಪ್ರಭಂಜನ ನಕ್ಕ. ಆಮೇಲೆ ಮೂಕಣ್ಣನ ಕಡೆ ತಿರುಗಿ, "ಏರೋದು ಮಸ್ತ್ ಏರತೈತಿ. ಇಳಿಯೋವಾಗ ಮಾತ್ರ ಹಳೇ ಬ್ರೇಕೇ ಇರೋದು, ನೆನಪಿಟ್ಕೋರಿ" ಎಂದ. ಮೂಕಣ್ಣ ತಲೆಯಾಡಿಸಿದ. ಆ ಹೊತ್ತಿಗೆ ಅವನ ಮನಸ್ಸೆಲ್ಲ ಮಗನ ಮುಖದ ಮೇಲಿತ್ತು.

ಕಂಪ್ಲಿಯ ಆ ಗಿರಣಿಯಲ್ಲಿ ಲೋಡು ಹಾಕುವುದಕ್ಕೆ ಒಂದು ಪದ್ಧತಿ ಇತ್ತು. ಹಮಾಲರ ಮೇಸ್ತ್ರಿ ಜಂಬಯ್ಯ ಡ್ರೈವರುಗಳ ಮಾತನ್ನು ನಂಬುತ್ತಿರಲಿಲ್ಲ. ಭಾರ ತಪ್ಪಿಸಿಕೊಳ್ಳಲು ಎಲ್ಲರೂ ತಮ್ಮ ಗಾಡಿ ಮುದಿಯಾಗಿದೆ ಎಂದೇ ಹೇಳುವವರು. ಅದಕ್ಕೆ ಅವನು ಗಾಡಿಯ ಹಿಂದೆ ನಿಂತು ಕಣ್ಣು ಮುಚ್ಚಿ, "ಒತ್ತು" ಎನ್ನುತ್ತಿದ್ದ. ಡ್ರೈವರು ನಿಂತಲ್ಲೇ ಆಕ್ಸಿಲರೇಟರ್ ಒತ್ತಬೇಕು. ಸದ್ದು ಕೇಳಿ ಜಂಬಯ್ಯ ಬೆರಳೆತ್ತಿ ತೋರಿಸಿದಷ್ಟು ಸಾಲು ಚೀಲ ಏರುತ್ತಿದ್ದವು. ಅದರ ಮೇಲೆ ಗಿರಣಿಯ ಸಾಹುಕಾರನೂ ಮಾತಾಡುತ್ತಿರಲಿಲ್ಲ. ಒಲ್ಲೆ ಎಂದವನ ಗಾಡಿ ಸರದಿಯ ತುದಿಗೆ ಹೋಗಿ ನಿಲ್ಲಬೇಕು. ಅಲ್ಲಿ ನಿಂತವನನ್ನು ಸಂಜೆಯವರೆಗೂ ಯಾರೂ ಕರೆಯುತ್ತಿರಲಿಲ್ಲ.

ಮೂಕಣ್ಣನ ಗಾಡಿ ಗುಡುಗಿದ ದಿನ ಜಂಬಯ್ಯ ಕಣ್ಣು ತೆರೆದು, "ಏನಲೇ ಇದು, ಆನೆ ತಂದೀಯಲ್ಲೋ!" ಎಂದ. ಅಂದಿನಿಂದ ಆನೆಗೆ ಆನೆಯ ಹೊರೆ. ಗಾಡಿ ಎಳೆಯಿತು. ಎಳೆದದ್ದನ್ನು ಕಂಡು ಮತ್ತೊಂದು ಸಾಲು ಏರಿಸಿದರು. ಅದನ್ನೂ ಎಳೆಯಿತು. ಶಕ್ತಿ ಬಂದರೆ ಆಯಾಸ ಕಡಿಮೆಯಾದೀತು ಎಂದುಕೊಂಡಿದ್ದ ಮೂಕಣ್ಣನಿಗೆ, ಬಂದ ಶಕ್ತಿಯೆಲ್ಲ ಬೇರೆಯವರ ಪಾಲಾಯಿತೆಂದು ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ.

ಶ್ರಾವಣದಲ್ಲಿ ಮಾರೇಶ ಕಾಮಾಲೆಯಿಂದ ತೀರಿಕೊಂಡ. ಕಣ್ಣು ಹಳದಿಯಾದದ್ದು ಕಂಡು ಔಷಧ ಶುರುಮಾಡುವ ಹೊತ್ತಿಗೆ ದೇವರು ತನ್ನ ನಿರ್ಣಯ ಮುಗಿಸಿದ್ದ. ಮೂಕಣ್ಣ ದೇವರೊಂದಿಗೆ ಜಗಳಕ್ಕೆ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದು ಜಂಬುನಾಥನ ಬೆಟ್ಟದ ಕಡೆಗೆ ಕೈಮುಗಿಯುವುದನ್ನು ಬಿಡಲೂ ಇಲ್ಲ. ಕೈ ಮುಗಿದಾಗ ಬೇಡುವುದೇನೆಂಬುದು ಮಾತ್ರ ತೋಚುತ್ತಿರಲಿಲ್ಲ. ಹೆಂಡತಿ ದ್ಯಾಮಕ್ಕ ನಸುಕಿನಲ್ಲಿ ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಗಾಡಿ ಗುಡುಗಿದೊಡನೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಆ ಸದ್ದೊಂದೇ ಮಗ ಬಿಟ್ಟುಹೋದ ದನಿಯಾಗಿ ಮನೆಯಲ್ಲಿ ಉಳಿದಿತ್ತು.

ಒಬ್ಬನೇ ಗಾಡಿ ಹೊಡೆಯತೊಡಗಿದ ಮೇಲೆ ಇಳಿಜಾರುಗಳು ಅವನನ್ನು ಹೆದರಿಸಿದವು. ಸಂಡೂರು ದಾಟಿ ಚೋರನೂರಿನ ಅಂಗಡಿಗಳಿಗೆ ಅಕ್ಕಿ ಒಯ್ಯುವಾಗ, ಇಳುಕಲಿನಲ್ಲಿ ಹಿಂದಿನ ಚೀಲಗಳೆಲ್ಲ ಬೆನ್ನಿಗೆ ಕೈಯಿಟ್ಟು ದೂಡಿದಂತಾಗುತ್ತಿತ್ತು. ಬ್ರೇಕಿನ ಸುಟ್ಟ ವಾಸನೆ ಕ್ಯಾಬಿನ್ನಿಗೆ ಬರುತ್ತಿತ್ತು. ಒಂದು ದಿನ ತಿರುವಿನಲ್ಲಿ ಗಾಡಿ ಅವನ ಮಾತು ಕೇಳದೆ ರಸ್ತೆಯ ಅಂಚಿಗೆ ಹೋಗಿ ಹೇಗೋ ನಿಂತಿತು. ಈ ಹೊರೆ ಕಳೆದುಕೊಳ್ಳದಿದ್ದರೆ ಮಗನ ಹಿಂದೆಯೇ ತಾನೂ ಹೋಗುವುದು, ದ್ಯಾಮಕ್ಕ ಒಬ್ಬಳೇ ಆಗುವುದು ಖಂಡಿತವೆಂದು ಅವನಿಗೆ ಅಂದು ಅರಿವಾಯಿತು. ಬಾಯಿಯಿಂದ ಹೇಳಿದರೆ ಜಂಬಯ್ಯ ನಂಬುವುದಿಲ್ಲ. ಗಾಡಿಯ ಶಕ್ತಿಯೇ ಇಳಿದರೆ?

ಪ್ರಭಂಜನನ ಶೆಡ್ಡಿಗೆ ಹೋಗಿ ಮುಂಚಿನಂತೆ ಮಾಡಿಕೊಡು ಎಂದು ಕೇಳಿದ. ಪ್ರಭಂಜನ ನೀರು ಕೊಟ್ಟು ಕೂರಿಸಿ, ಲ್ಯಾಪ್‌ಟಾಪು ತೆರೆದ. ಕಂಪನಿಯವರು ಬರೆದಿಟ್ಟಿದ್ದನ್ನೇ ಎಂಜಿನ್ನಿಗೆ ಮರಳಿ ತುಂಬಿದ.

"ಈ ಪೈಪೂ ತೆಗೆದು ಡಬ್ಬಿ ಕೂಡ್ಸಿಬಿಡ್ಲೇನ್ರಿ? ಸದ್ದು ಹಂಗೇ ಉಳಿತೈತಿ ನೋಡ್ರಿ."

ಮೂಕಣ್ಣ ಬಗ್ಗಿ ಪೈಪಿನ ಬೆಸುಗೆಯನ್ನು ನೋಡಿದ. ಕಲಿಯುವವರ ಕೈಯ ಗಂಟುಗಂಟಾದ ಬೆಸುಗೆ. "ಅದಿರ್ಲಿ ಸ್ವಾಮಿ" ಎಂದ. "ಅದು ನಮ್ಮುಡುಗ ಮಾಡಿದ್ದು."

ಮರುದಿನ ಕಂಪ್ಲಿಯಲ್ಲಿ ಸರದಿ ಬಂದಾಗ ಜಂಬಯ್ಯ ಗಾಡಿಯ ಹಿಂದೆ ನಿಂತು ಕಣ್ಣು ಮುಚ್ಚಿದ. ಮೂಕಣ್ಣ ಮೆಲ್ಲಗೆ ಒತ್ತಿದ.

"ಏನಲೇ, ಬೆಳಿಗ್ಗೆ ಉಂಡಿಲ್ಲೇನು? ಸರಿಯಾಗಿ ಒತ್ತು!"

ಒತ್ತಿದ. ಪೈಪು ಎಂದಿನಂತೆಯೇ ಗುಡುಗಿತು. ಆ ಗುಡುಗು ಕಿವಿಗೆ ಬಿದ್ದ ಕ್ಷಣದಲ್ಲೇ ಮೂಕಣ್ಣನಿಗೆ ತಾನು ಮಾಡಿದ ತಪ್ಪು ತಿಳಿದುಹೋಯಿತು. ಜಂಬಯ್ಯ ಎಂದಿನಷ್ಟೇ ಬೆರಳೆತ್ತಿದ.

ಮೂಕಣ್ಣ ಕೆಳಗಿಳಿದು ಬಂದ. "ಮೇಸ್ತ್ರಿ, ನಿನ್ನೆ ಪವರ್ ಇಳಿಸೀನಿ. ದೇವರಾಣೆ. ಈ ಲೋಡು ಎಳ್ಯಂಗಿಲ್ಲ."

"ಇಳಿಸೀಯಾ? ಹಿಂಗ ಗುಡುಗೋದು ಪವರ್ ಇಳಿದಿದ್ದಕ್ಕೇನು?" ಜಂಬಯ್ಯ ಹಮಾಲರ ಕಡೆ ತಿರುಗಿದ. "ಕೇಳ್ರಲೇ, ಆನೆಗೆ ಬೆನ್ನುನೋವಂತ!"

"ಬಾಮು ಹಚ್ಚಾಕ ಹೇಳು ಕಾಕಾ!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ಚೀಲಗಳು ಏರತೊಡಗಿದವು. ಸರದಿಯ ತುದಿಗೆ ಹೋಗುತ್ತೇನೆಂದು ಹೇಳಲು ಮೂಕಣ್ಣ ಬಾಯಿ ತೆರೆದ. ತುದಿಯಲ್ಲಿ ನಿಂತು ನಿಂತು ಕೊನೆಗೆ ಗಾಡಿಯನ್ನೇ ಮಾರಿದವರ ಮುಖ ನೆನಪಾಯಿತು. ಗಾಡಿ ಮಾರಿದರೆ ಆ ದನಿಯೂ ಹೋಗುತ್ತದೆ. ಹೋಗಿ ಸ್ಟೇರಿಂಗಿನ ಮುಂದೆ ಕುಳಿತ.

ಹೊಸಪೇಟೆಯವರೆಗೆ ಸಮತಟ್ಟು ರಸ್ತೆ, ಗಾಡಿ ಹೇಗೋ ಬಂತು. ಸಂಡೂರಿನ ಏರು ಹತ್ತುವಾಗ ಅದರ ಜೀವ ಬಾಯಿಗೆ ಬಂತು. ಎರಡನೇ ಗೇರು, ಆಮೇಲೆ ಒಂದನೆಯದು. ಪೈಪು ಮಾತ್ರ ಬೆಟ್ಟವನ್ನೇ ನುಂಗುವಂತೆ ಗರ್ಜಿಸುತ್ತಿತ್ತು, ಗಾಲಿಗಳು ಇರುವೆಯಂತೆ ತೆವಳುತ್ತಿದ್ದವು. ಅರ್ಧ ಏರಿನಲ್ಲಿ ಎಂಜಿನ್ನು ಕೊಸರಿ ನಿಂತುಹೋಯಿತು. ಮೂಕಣ್ಣ ಬ್ರೇಕು ತುಳಿದು ಮತ್ತೆ ಶುರುಮಾಡಿದ. ಕ್ಲಚ್ಚು ಬಿಟ್ಟರೆ ಗಾಡಿ ಮುಂದೆ ಹೋಗದೆ ನಡುಗಿತು. ಮತ್ತೊಮ್ಮೆ, ಇನ್ನೊಮ್ಮೆ. ಕ್ಲಚ್ಚಿನ ಪ್ಲೇಟು ಸುಟ್ಟು ಹೊಗೆ ಎದ್ದಿತು, ಎಂಜಿನ್ನು ಮತ್ತೆ ಆರಿತು. ಇನ್ನು ಗೇರಿನಲ್ಲಿ ಬಿಟ್ಟರೂ ಗಾಡಿ ನಿಲ್ಲದು. ಹ್ಯಾಂಡ್‌ಬ್ರೇಕು ಎಳೆದು ನೋಡಿ ಕಾಲು ಸಡಿಲಿಸಿದ. ಗಾಡಿ ಹಿಂದಕ್ಕೆ ಜಾರಿತು. ಜೀವ ಹಾರಿ ಮತ್ತೆ ತುಳಿದ.

ಎಂಜಿನ್ನು ಸತ್ತ ಗಾಡಿಯ ಬ್ರೇಕು ಕಲ್ಲಿನಂತೆ ಗಟ್ಟಿಯಾಗಿತ್ತು. ಎರಡೂ ಪಾದ ಒಂದರ ಮೇಲೊಂದು ಇಟ್ಟು, ಸೀಟಿಗೆ ಬೆನ್ನು ಕೊಟ್ಟು ಒತ್ತಿ ಹಿಡಿದ. ಕನ್ನಡಿಯಲ್ಲಿ ಹಿಂದಿನ ಟಿಪ್ಪರಿನ ಕೆಂಪು ಧೂಳಿನ ಮೋರೆ ತುಂಬಿ ನಿಂತಿತ್ತು. ಅದರ ಹಿಂದೆ ಇನ್ನೊಂದು. ಹಾರ್ನುಗಳು ಕಿವಿ ಹರಿದವು. ಎಡಕ್ಕೆ ಕಲ್ಲಿನ ಗೋಡೆ, ಬಲಕ್ಕೆ ಇಳಿಯುವ ಲಾರಿಗಳು. ಕಾಲು ತೆಗೆದರೆ ಗಾಡಿ ಜಾರುತ್ತದೆ, ಕಾಲು ತೆಗೆಯದೆ ಇಳಿಯಲಾಗದು. ಗಾಲಿಗೆ ಕಲ್ಲು ಕೊಡುವವರು ಬೇಕು. ಹಾರ್ನು ಹೊಡೆಯುವವರಲ್ಲಿ ಒಬ್ಬರೂ ಇಳಿಯಲಿಲ್ಲ.

ತೊಡೆ ನಡುಗಲು ಶುರುವಾಯಿತು. ಬೆವರು ಕಣ್ಣಿಗಿಳಿಯಿತು. ಆಗ ಅವನ ಬಾಯಿಂದ ತಾನಾಗಿಯೇ ಕೂಗು ಹೊರಟಿತು:

"ಮಾರೇಶಾ! ಜಲ್ದಿ ಕಲ್ಲಿಡಲೇ!"

ಕೂಗಿದ ಮೇಲೆ ಪಕ್ಕದ ಖಾಲಿ ಸೀಟು ಕಂಡಿತು.

"ಇಡ್ತೀನಿ ತಡಿಯಪ್ಪಾ, ಬಡ್ಕೋಬ್ಯಾಡ" ಎಂದಿತು ಒಂದು ದನಿ. ರಸ್ತೆಯ ಬದಿಯಲ್ಲಿ ಸೀತಾಫಲ ಮಾರುತ್ತಿದ್ದ ತಾಯಕ್ಕ ಎಂಬ ಮುದುಕಿ, ಬುಟ್ಟಿ ಬಿಟ್ಟು, ದೊಡ್ಡ ಕಲ್ಲೊಂದನ್ನು ಹೊಟ್ಟೆಗೆ ಅವಚಿಕೊಂಡು ಬಂದಳು. ಹಿಂದಿನ ಗಾಲಿಗೆ ಕಲ್ಲು ಬಿತ್ತು. ಇನ್ನೊಂದು ಗಾಲಿಗೂ ಒಂದು ತಂದಿಟ್ಟಳು. "ಈಗ ಬಿಡು ಕಾಲು. ಬಿಡು ಅಂದ್ನೆಲ್ಲ! ಗಟ್ಟಿ ಐತಿ."

ಮೂಕಣ್ಣ ಕಾಲು ಬಿಟ್ಟ. ಗಾಡಿ ಒಮ್ಮೆ ನರಳಿ ಕಲ್ಲಿಗೆ ಒರಗಿ ನಿಂತಿತು. ಕೆಳಗಿಳಿದರೆ ಬಲಗಾಲು ನೆಲದ ಮೇಲೆ ನಿಲ್ಲಲಿಲ್ಲ, ಬಾಗಿಲು ಹಿಡಿದುಕೊಂಡ.

"ಯಾರನ್ನೋ ಕರದಿ. ಯಾರೂ ಕಾಣ್ವಲ್ರು" ಎಂದಳು ತಾಯಕ್ಕ.

"ಮಗ" ಎಂದ ಮೂಕಣ್ಣ. ಅವಳು ಅವನ ಮುಖ ನೋಡಿ ಬುಟ್ಟಿಯ ಕಡೆ ನಡೆದಳು.

ಕೊನೆಗೆ ಟಿಪ್ಪರಿನವರೂ ಇಳಿದು, ಬಯ್ಯುತ್ತಲೇ ಕೈಹಚ್ಚಿದರು. ಚೀಲಗಳನ್ನೆಲ್ಲ ಕಲ್ಲಿನ ಗೋಡೆ ಮುಗಿದಲ್ಲಿನ ಬಯಲಿಗೆ ಇಳಿಸಿ, ಹಗುರಾದ ಗಾಡಿಯನ್ನು ದೂಡಿ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ, ಗಾಲಿಗೆ ಮತ್ತೆ ಕಲ್ಲು ಕೊಟ್ಟರು. ಮೂಕಣ್ಣ ಗಿರಣಿಗೆ ಫೋನು ಮಾಡಿದ. ಸಾಹುಕಾರ, "ಬ್ಯಾರೆ ಗಾಡಿ ಕಳಸ್ತೀನಿ. ನೀ ಅಲ್ಲೇ ಕುಂದ್ರು" ಎಂದ.

ಬಂದದ್ದು ಹುಲುಗಪ್ಪನ ಪಿಕಪ್. ಮಾರೇಶನ ಓರಗೆಯ ಹುಡುಗ. ಹೋದ ತಿಂಗಳಷ್ಟೇ ಎಂಜಿನ್ನಿನ ಶಕ್ತಿ ಏರಿಸಿಕೊಂಡಿದ್ದ. ಜೊತೆಯಲ್ಲಿ ಜಂಬಯ್ಯ ಮತ್ತು ಹಮಾಲರಿದ್ದರು. ಜಂಬಯ್ಯ ಸುಟ್ಟ ಕ್ಲಚ್ಚಿನ ವಾಸನೆ ಹಿಡಿದು, ಗಾಲಿಯ ಹಿಂದಿನ ಕಲ್ಲುಗಳನ್ನು ನೋಡಿದ. ಆಮೇಲೆ ರೂಢಿ ಬಿಡಲಾರದೆ ಹುಲುಗಪ್ಪನ ಗಾಡಿಯ ಹಿಂದೆ ಹೋಗಿ ನಿಂತು, "ಒತ್ತು" ಎಂದ. ಅದೂ ಗುಡುಗಿತು.

"ಎಲ್ಲಾ ಹಿಡಿತೈತಿ. ಏರಸ್ರಿ" ಎಂದ ಜಂಬಯ್ಯ.

ಮೂಕಣ್ಣ ಕುಂಟುತ್ತ ಹೋಗಿ ಚೀಲಗಳ ಮೇಲೆ ಕುಳಿತ.

"ಏಳ್ರಿ ಕಾಕಾ" ಎಂದ ಹುಲುಗಪ್ಪ. "ನನ್ ಗಾಡಿ ಎಳಿತೈತಿ. ನಿಮ್ದರಂಗಲ್ಲ."

"ಎಳಿತೈತಿ. ಆಮ್ಯಾಲ ಇಳಿಯೋದೈತಿ. ಆವಾಗ ಕಲ್ಲಿಡಾಕ ನಿನ್ ಸೀಟಿನ ಪಕ್ಕ ಯಾರದಾರ?"

"ಯಾರೂ ಇಲ್ಲ."

"ಹಂಗಾದ್ರ ಅರ್ಧ ಒಯ್ಯಿ."

ಜಂಬಯ್ಯನಿಗೆ ಸಿಟ್ಟು ಬಂತು. "ಲೇ ಮೂಕಣ್ಣ, ಸಾಹುಕಾರ್ರು ಇನ್ಮ್ಯಾಲ ನಿನ್ನ ಗಿರಣಿ ಗೇಟಿನಾಗ ಕಾಲಿಡಾಕ ಬಿಡಂಗಿಲ್ಲ, ನೋಡ್ಕೋ."

"ಬ್ಯಾಡ ಬಿಡು."

"ಏಳು ಮ್ಯಾಲ!"

"ಅರ್ಧಕ್ಕಿಂತ ಒಂದ್ ಚೀಲ ಹೆಚ್ಚು ಹಾಕೋದಿದ್ರ, ನನ್ನೂ ಎತ್ತಿ ಅದರ ಮ್ಯಾಲ ಹಾಕ್ರಿ" ಎಂದ ಮೂಕಣ್ಣ. ದನಿ ಏರಿಸಲಿಲ್ಲ. ನಡುಗುತ್ತಿದ್ದ ಬಲ ಮೊಣಕಾಲನ್ನು ಎರಡೂ ಅಂಗೈಗಳಿಂದ ಅದುಮಿ ಹಿಡಿದಿದ್ದ.

ಹಮಾಲರು ಮೇಸ್ತ್ರಿಯ ಮುಖ ನೋಡಿದರು. ಹುಲುಗಪ್ಪ ಆ ಮೊಣಕಾಲನ್ನು ನೋಡುತ್ತ ನಿಂತ. ಆಮೇಲೆ ತನ್ನ ಗಾಡಿಯ ಹಿಂಬಾಗಿಲು ಬಿಚ್ಚಿ, "ಮೇಸ್ತ್ರಿ, ಅರ್ಧಾನೇ ಹಾಕಸ್ರಿ. ಇನ್ನರ್ಧ ಮತ್ತ ಬಂದು ಒಯ್ತೀನಿ" ಎಂದ.

"ನಿಂದೂ ಅದೇ ರೋಗ?"

"ಅದೇ ಅನ್ಕೋರಿ."

ಜಂಬಯ್ಯ ಮುಖ ತಿರುಗಿಸಿದ. ಹಮಾಲರು ಮೂಕಣ್ಣ ಕುಳಿತ ಭಾಗವನ್ನು ಬಿಟ್ಟು, ಅಂಚಿನ ಚೀಲಗಳನ್ನು ಹೊತ್ತರು. ಲೋಡು ಮುಗಿದ ಮೇಲೆ ಜಂಬಯ್ಯ, ಹಮಾಲರು ನೆರಳಿಗೆ ಸರಿದರು. ಹುಲುಗಪ್ಪನ ಗಾಡಿ ಏರು ಹತ್ತಿ ತಿರುವಿನಲ್ಲಿ ಮರೆಯಾಯಿತು. ಟಿಪ್ಪರುಗಳು ಮತ್ತೆ ಸಾಲಾಗಿ ಹೊರಟವು. ಕೆಂಪು ಧೂಳು ಬಂದು ಅವನ ತಲೆಯ ಮೇಲೆ, ಚೀಲಗಳ ಮೇಲೆ ಕೂತಿತು. ಮೂಕಣ್ಣ ಉಳಿದರ್ಧದ ಮೇಲೆಯೇ ಕುಳಿತಿದ್ದ, ಹುಲುಗಪ್ಪ ಮರಳಿ ಬರುವುದನ್ನು ಕಾಯುತ್ತ.