ಹಲಸಿನ ಮರದಡಿಯ ವಯೊಲೆಟ್

ಕಾಮಾಕ್ಷಮ್ಮನ ಮನೆ ಕುಶಾಲನಗರದ ಹೊರಗೆ, ಶುಂಠಿ ಹೊಲಗಳ ಪಕ್ಕದಲ್ಲಿದೆ. ಮನೆ ಮುಂದಿನ ಹಲಸಿನ ಮರದ ನೆರಳು ಅರ್ಧ ಅಂಗಳಕ್ಕೆ ಹರಡಿತ್ತು. ಅದರಡಿ ಏನೂ ಬದುಕುತ್ತಿರಲಿಲ್ಲ. ಎರಡು ಸಲ ಹುಲ್ಲುಹಾಸು ತರಿಸಿ ಹಾಕಿದ್ದರು, ಎರಡು ಸಲವೂ ಹಳದಿಯಾಗಿ ಹೋಯಿತು. ಮಳೆ ಬಂದರೆ ಕೆಸರು, ಬೇಸಿಗೆಯಲ್ಲಿ ಧೂಳು. ಮಗ ಅಶ್ವಥ್ ಸಿಮೆಂಟ್ ಹಾಕಿಸೋಣ ಎಂದಾಗಲೆಲ್ಲ ಅವರು ಬೇಡ ಎನ್ನುತ್ತಿದ್ದರು.

ಸೊಸೆ ಅನುಶ್ರೀಯ ತಂದೆ ಬೋಜಣ್ಣ ಅಮ್ಮತ್ತಿ ಕಡೆಯ ಒಂದು ಎಸ್ಟೇಟ್ ಬಂಗಲೆಯ ಹೂದೋಟ ನೋಡಿಕೊಳ್ಳುತ್ತಿದ್ದರು. ಜೂನ್ ತಿಂಗಳಲ್ಲಿ ಅನುಶ್ರೀ ತವರಿನಿಂದ ಬರುವಾಗ ಒದ್ದೆ ಗೋಣಿಯಲ್ಲಿ ಸುತ್ತಿದ ಇಪ್ಪತ್ತು ಸಸಿಗಳನ್ನು ತಂದಳು. ಹೆಸರು ವಯೊಲೆಟ್ ಅಂತೆ. ಅದಕ್ಕೆ ನೆರಳು ಹಿತವಂತೆ, ನೆಲಕ್ಕೆ ಅಂಟಿಕೊಂಡೇ ಹಬ್ಬುತ್ತದಂತೆ. ಕಾಮಾಕ್ಷಮ್ಮ ಎಲೆಯನ್ನು ತಿರುಗಿಸಿ ನೋಡಿ, ಒಂದೆಲಗದ ಹಾಗಿದೆ ಎಂದರು. ಇದೂ ಹೆಚ್ಚು ದಿನ ಬಾಳಲಿಕ್ಕಿಲ್ಲ ಎಂದು ಅವರಿಗೆ ಅನ್ನಿಸಿದರೂ ಬಾಯಿಬಿಟ್ಟು ಹೇಳಲಿಲ್ಲ. ಮದುವೆಯಾಗಿ ವರ್ಷವಷ್ಟೇ ಆಗಿತ್ತು. ಅತ್ತೆ ಸೊಸೆ ಇನ್ನೂ ಅಳೆದು ತೂಗಿ ಮಾತಾಡುತ್ತಿದ್ದರು.

ಕೊಳೆತ ಎಲೆಗೊಬ್ಬರ ಬೆರೆಸಿ ಅನುಶ್ರೀ ಗೇಣಿಗೊಂದರಂತೆ ಸಸಿ ನೆಟ್ಟಳು. ಡಿಸೆಂಬರಿನ ಚಳಿಗೆ ನೇರಳೆ ಬಣ್ಣದ ಪುಟ್ಟ ಹೂಗಳು ತಲೆ ಬಗ್ಗಿಸಿಕೊಂಡು ಅರಳಿದವು. ಬೇಸಿಗೆಯಲ್ಲಿ ಸಂಜೆಗೊಮ್ಮೆ ನೀರು ಬಿದ್ದರೆ ಸಾಕಿತ್ತು. ಹೂ ನಿಂತಿತು, ಎಲೆ ಉಳಿಯಿತು.

ಎರಡನೆಯ ಮಳೆಗಾಲದಲ್ಲಿ ಒಂದು ವಿಚಿತ್ರ ಕಂಡಿತು. ಮರದಿಂದ ದೂರದ ಕಲ್ಲು ಮೆಟ್ಟಿಲಿನ ಸಂದಿಯಲ್ಲಿ ಮೂರು ವಯೊಲೆಟ್ ಸಸಿಗಳಿದ್ದವು. ವಾರ ಕಳೆದು ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲೂ ಎರಡು. ತನ್ನನ್ನು ಕೇಳದೆ ಸೊಸೆ ಮನೆ ತುಂಬ ನೆಡುತ್ತಿದ್ದಾಳೆ ಎಂದು ಕಾಮಾಕ್ಷಮ್ಮನಿಗೆ ಸ್ವಲ್ಪ ಬೇಸರವಾಯಿತು. ಒಂದು ಬೆಳಿಗ್ಗೆ ಕೇಳಿಯೇಬಿಟ್ಟರು.

"ಮೆಟ್ಲು ಸಂದಿಗೆ ಯಾಕಮ್ಮ ನೆಟ್ಟೆ? ಯಾರಾದ್ರೂ ತುಳ್ದುಬಿಡ್ತಾರೆ."

ಅನುಶ್ರೀ ತಬ್ಬಿಬ್ಬಾದಳು. "ನಾನಲ್ಲ ಅತ್ತೆ. ನೀವೇ ನೆಟ್ಟಿದ್ದೀರ ಅಂದ್ಕೊಂಡು, ಕೇಳೋದು ಹೇಗೆ ಅಂತ ಸುಮ್ಮನಿದ್ದೆ."

ಇಬ್ಬರಿಗೂ ನಗು ಬಂತು. ಆದರೆ ನೆಟ್ಟವರು ಯಾರು? ಬೇಸಿಗೆಯಿಂದೀಚೆಗೆ ಹೂವೇ ಬಿಡದೆ ಬೀಜ ಬಂದದ್ದಾದರೂ ಎಲ್ಲಿಂದ? ಅನುಶ್ರೀ ತಂದೆಗೆ ಫೋನ್ ಮಾಡಿದಳು. ಎಲೆ ಸರಿಸಿ ಬುಡ ನೋಡಲು ಬೋಜಣ್ಣ ಹೇಳಿದರು. ಅಲ್ಲಿ ಬಣ್ಣವಿಲ್ಲದ, ಬಿಗಿಯಾಗಿ ಮುಚ್ಚಿದ ಮೊಗ್ಗುಗಳಿದ್ದವು. ಅವು ಅರಳುವುದೇ ಇಲ್ಲ, ಮುಚ್ಚಿಕೊಂಡೇ ಒಳಗೆ ಕಾಯಿ ಕಟ್ಟುತ್ತವೆ ಎಂದರು. ಕಾಯಿ ಸಿಡಿದರೆ ಬೀಜ ಒಂದೆರಡು ಮಾರು ಹಾರುತ್ತದೆ. ಒಗೆಯುವ ಕಲ್ಲಿನವರೆಗೆ ಹೇಗೆ ಹೋಯಿತೋ ಅವರಿಗೂ ತಿಳಿಯದು.

ಕಾಮಾಕ್ಷಮ್ಮನಿಗೆ ಆ ಪ್ರಶ್ನೆ ಅಂಟಿಕೊಂಡಿತು. ಮಳೆ ಬಿಟ್ಟು ಹೊಳವಾದ ದಿನ ಮಣೆ ಹಾಕಿಕೊಂಡು ಗಿಡದ ಮುಂದೆ ಕೂತರು. ಮೂರು ಮೂಲೆಯಾಗಿ ಬಿರಿದ ಕಾಯೊಳಗೆ ಗಸಗಸೆಗಿಂತ ತುಸು ದಪ್ಪನೆಯ ಬೀಜಗಳಿದ್ದವು. ಪ್ರತಿ ಬೀಜದ ತುದಿಗೂ ಬಿಳಿಯ ಚೂರೊಂದು ಅಂಟಿತ್ತು. ನೆಲಕ್ಕೆ ಬಿದ್ದ ಬೀಜದ ಆ ಚೂರನ್ನೇ ಕಚ್ಚಿ ಹಿಡಿದು ಇರುವೆಯೊಂದು ಎಳೆಯತೊಡಗಿತು. ಅವರು ಬಗ್ಗಿಕೊಂಡೇ ಅದರ ಹಿಂದೆ ಹೋದರು. ಎಲೆ ಹತ್ತಿ, ಬೇರು ಇಳಿದು, ಮುಕ್ಕಾಲು ಗಂಟೆಯ ಮೇಲೆ ಇರುವೆ ಮೆಟ್ಟಿಲ ಸಂದಿಯ ಗೂಡಿಗೆ ನುಗ್ಗಿತು. ಗೂಡಿನ ಬಾಯಲ್ಲಿ ಬಿಳಿ ಚೂರು ಕಳೆದುಕೊಂಡ ಬೀಜಗಳು ಕಸದಂತೆ ಬಿದ್ದಿದ್ದವು.

"ಅನು, ಬಾ ಇಲ್ಲಿ. ನೆಡೋರು ಸಿಕ್ಕಿದ್ರು," ಎಂದು ಕರೆದರು.

ಭಾನುವಾರ ಬೋಜಣ್ಣ ಸಿದ್ದಾಪುರದ ಮೇಲೆ ಬಸ್ಸು ಹಿಡಿದು ಬಂದರು. ಬೀಗಿತ್ತಿ ತೋರಿಸಿದ ಜಾಗದಲ್ಲಿ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಮೂವತ್ತು ವರ್ಷ ಆ ಗಿಡ ಸಾಕಿದ್ದೀನಕ್ಕ," ಎಂದರು ಕೊನೆಗೆ. "ಪ್ರತಿ ವರ್ಷವೂ ಪಾತಿ ಸುತ್ತ ಇರುವೆ ಪುಡಿ ಹಾಕ್ತಿದ್ದೆ."

ಆ ವರ್ಷದಿಂದ ಅವರು ಪುಡಿ ಹಾಕುವುದನ್ನು ಬಿಟ್ಟರು. ಜನವರಿಯಲ್ಲಿ ಬಂಗಲೆಯ ಹಿಂದಿನ ಗೋಡೆಯ ಬಿರುಕಿನಲ್ಲಿ ಒಂದು ಹೂ ಕಂಡಾಗ ಅವರು ಮಗಳಿಗಿಂತ ಮೊದಲು ಫೋನ್ ಮಾಡಿದ್ದು ಕಾಮಾಕ್ಷಮ್ಮನಿಗೆ.