‘ತಾನೇ ಬಿದ್ದಳು’ ಎಂದು ಬರೆಸಿದೆವು

ಅವ್ವಿ ಬಾವಿಕಟ್ಟೆಯ ಹತ್ತಿರ ಕುಳಿತು ನನ್ನ ಸೈಕಲ್ಲು ತಿಕ್ಕುತ್ತಿದ್ದಳು. ಕೈಯಲ್ಲಿ ತೆಂಗಿನ ಸಿಪ್ಪೆ, ಪಕ್ಕದಲ್ಲಿ ಒಲೆಯ ಬೂದಿ. ಮೊದಲು ಹ್ಯಾಂಡಲ್ಲು, ಆಮೇಲೆ ಕ್ಯಾರಿಯರ್ರು, ಆಮೇಲೆ ನಜ್ಜಿ ಹೋಗಿದ್ದ ಹಿಂದಿನ ಮಡ್ಗಾರ್ಡು. ನಾನು ಜಗಲಿಯಲ್ಲಿ ಮಲಗಿ ನೋಡುತ್ತಿದ್ದೆ. ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರು ಹಾಕಿದ್ದರು. ನನ್ನ ಸೈಕಲ್ಲಿನ ಬಣ್ಣ ಹಸಿರು. ಮಡ್ಗಾರ್ಡಿನ ಮೇಲೆ ಮಾತ್ರ ಅಂಗೈಯಗಲ ಬಿಳಿ ಬಣ್ಣ ಹತ್ತಿತ್ತು. ಅದು ಎಲ್ಲಿಯದೆಂದು ನನಗೆ ಗೊತ್ತಿತ್ತು. ಒಣಗಿದ ರಕ್ತದ ಜೊತೆಗೆ ಅವ್ವಿ ಅದನ್ನೂ ಬಿಡದೆ ತಿಕ್ಕಿ ತೆಗೆದಳು.

ರಕ್ತ ತಾಗಿದ ಸಾಮಾನನ್ನು ತೊಳೆಯದೆ ನಮ್ಮಲ್ಲಿ ಮನೆಯೊಳಗೆ ತರುವುದಿಲ್ಲ. ಕತ್ತಿಯಾದರೂ ಸರಿ, ಹೆಡಿಗೆಯಾದರೂ ಸರಿ. ಅವ್ವಿಯ ಅವ್ವಿಯೂ ಹಾಗೇ ಮಾಡುತ್ತಿದ್ದಳಂತೆ. ಅಂದು ನಾನು ಬೇಡ ಎನ್ನಬೇಕಿತ್ತು. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಮನೆಯಲ್ಲಿ ದೊಡ್ಡವರು ಮಾಡುವ ಕೆಲಸಕ್ಕೆ ಅಡ್ಡ ಮಾತಾಡಿ ಅಭ್ಯಾಸವಿಲ್ಲ.

ನನ್ನ ಹೆಸರು ಪವಿತ್ರಾ. ಕುಮಟಾದಿಂದ ಹೊನ್ನಾವರದ ಕಡೆಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ ಹನ್ನೆರಡು ಮನೆಗಳ ನಮ್ಮ ಕೊಪ್ಪವಿದೆ. ಗದ್ದೆ ಕೊಯ್ಲಾದ ಮೇಲೆ ಎಲ್ಲರೂ ತರಕಾರಿ ಬೆಳೆಯುತ್ತೇವೆ. ಅಪ್ಪ ತೀರಿಕೊಂಡು ಏಳು ವರ್ಷವಾಯಿತು. ಅಂದಿನಿಂದ ನಮ್ಮ ಮನೆಯ ಹರಿವೆ, ಬಸಳೆಯನ್ನು ಬೆಳಗ್ಗೆ ಸೈಕಲ್ಲಿಗೆ ಕಟ್ಟಿ ಕುಮಟಾ ಪೇಟೆಗೆ ಒಯ್ಯುವುದು ನನ್ನ ಕೆಲಸ.

ಆ ದಿನವೂ ಹಾಗೇ ಹೊರಟಿದ್ದೆ. ಬೆಳಕು ಹರಿದಿತ್ತು. ರಸ್ತೆ ನೇರ ಇತ್ತು. ನಾನು ಎಡಬದಿಯ ಬಿಳಿ ಗೆರೆಯ ಹೊರಗೇ ಇದ್ದೆ. ಚಹಾದಂಗಡಿ ದಾಟುವ ಹೊತ್ತಿಗೆ ಹಿಂದಿನಿಂದ ಏನೋ ಬಂದು ಬಡಿಯಿತು. ಮತ್ತೆ ಕಣ್ಣು ಬಿಟ್ಟಾಗ ನನ್ನ ಕೆನ್ನೆ ಜಲ್ಲಿಯ ಮೇಲಿತ್ತು. ಸ್ವಲ್ಪ ಮುಂದೆ ಒಂದು ಬಿಳಿ ಕಾರು ನಿಂತಿತ್ತು. ಅದರ ಹಿಂದಿನ ಕೆಂಪು ದೀಪ ಹೊತ್ತಿತ್ತು. ಬಾಗಿಲು ತೆರೆಯುತ್ತದೆ, ಯಾರೋ ಇಳಿಯುತ್ತಾರೆ ಎಂದು ನಾನು ನೋಡುತ್ತಲೇ ಇದ್ದೆ. ಬಾಗಿಲು ತೆರೆಯಲಿಲ್ಲ. ದೀಪ ಆರಿತು. ಕಾರು ಹೋಯಿತು.

ಅಂಗಡಿಯಲ್ಲಿದ್ದ ನಾಲ್ಕೈದು ಜನ ಬಂದು ಸುತ್ತ ನಿಂತರು. ಎತ್ತಬೇಕೆಂದು ಒಬ್ಬರು, ಮುಟ್ಟಿದರೆ ಕೇಸು ನಮ್ಮ ಮೇಲೆ ಬರುತ್ತದೆಂದು ಇನ್ನೊಬ್ಬರು. ಬಸ್ಸಿಗೆ ದಾರಿಯಾಗಲಿ ಎಂದು ಯಾರೋ ನನ್ನ ಬಸಳೆ ಕಟ್ಟುಗಳನ್ನು ಬದಿಗೆ ಸರಿಸಿದರು. ನನ್ನನ್ನು ಸರಿಸಲಿಲ್ಲ. ಅರ್ಧ ಗಂಟೆ ಆಗಿರಬೇಕು. ಮೀನಿನ ಗಾಡಿಯೊಂದು ನಿಂತಿತು. ಅದರ ಡ್ರೈವರ್ ಒಬ್ಬನೇ ನನ್ನನ್ನು ಎತ್ತಿ ಮಲಗಿಸಿಕೊಂಡು ದವಾಖಾನೆಗೆ ತಂದ. ಬಾಗಿಲಲ್ಲಿ ಇಳಿಸಿದವನು ಹೆಸರು ಕೇಳುವುದರೊಳಗೆ ಹೊರಟುಹೋದ. ಅವನಿಗೂ ಹೆದರಿಕೆ.

ಸುದ್ದಿ ತಿಳಿದು ಅವ್ವಿ ಬಂದಳು, ಅವಳ ಅಣ್ಣ ಈರ ಮಾವ ಬಂದ. ಕಾರು ಗುದ್ದಿ ಹೋಯಿತೆಂದು ಇಬ್ಬರಿಗೂ ಹೇಳಿದೆ. ನಮ್ಮ ಮನೆಗೆ ಗಂಡು ದಿಕ್ಕು ಅಂದರೆ ಅವನೇ. ಹೇಗಾಯಿತೆಂದು ಡಾಕ್ಟರು ಕೇಳಿದಾಗ ಮಾವನೇ ಮುಂದೆ ಬಂದ.

“ಸೈಕಲ್ಲಿಂದ ತಾನೇ ಬಿದ್ದದ್ದು ಡಾಕ್ಟ್ರೇ. ರಸ್ತೆ ನೋಡೂದು ಬಿಟ್ಟು ಆಕಾಶ ನೋಡ್ತದೆ ಈ ಹುಡುಗಿ.”

ಹೌದೇನಮ್ಮ ಎಂದು ಡಾಕ್ಟರು ನನ್ನನ್ನು ಕೇಳಿದರು. ನಾನು ಗೋಡೆ ನೋಡಿದೆ. ಅವರು ಹಾಗೇ ಬರೆದುಕೊಂಡರು.

ಮಾವ ಕೆಟ್ಟವನಲ್ಲ. ಅವನ ತಲೆಯಲ್ಲಿದ್ದದ್ದು ಕತಗಾಲದ ಕಡೆಯ ಸಂಬಂಧ. ಮುಂದಿನ ವಾರ ಅವರು ನನ್ನನ್ನು ನೋಡಲು ಬರುವವರಿದ್ದರು. ಪೊಲೀಸರ ಕಾಗದದಲ್ಲಿ ಹೆಸರು ಹತ್ತಿದ ಹೆಣ್ಣನ್ನು ಯಾರು ಒಯ್ಯುತ್ತಾರೆ ಎಂದು ಅವ್ವಿಗೆ ಹೇಳಿದ. ಅವ್ವಿ ತಲೆಯಾಡಿಸಿದಳು.

ಗಾಯಕ್ಕೆ ಪಟ್ಟಿ ಬದಲಿಸಲು ನಮ್ಮೂರಿನ ಆಶಾ ಕಾರ್ಯಕರ್ತೆ ರೂಪಕ್ಕ ಬರುತ್ತಿದ್ದಳು. ಮೊದಲ ದಿನವೇ ಸೈಕಲ್ಲಿನ ಹಿಂದಿನ ಚಕ್ರ ನೋಡಿದಳು, ನನ್ನ ಬೆನ್ನು ನೋಡಿದಳು. ತಾನೇ ಬಿದ್ದವಳ ಚಕ್ರ ಹಿಂದಿನಿಂದ ಹೇಗೆ ಮಡಚಿತು ಎಂದು ಮಾವನನ್ನು ಕೇಳಿದಳು.

“ನೀ ಪೋಲಿಯೋ ಹನಿ ಹಾಕು ರೂಪಾ. ವಕೀಲಿಕೆ ಎಂತಕ್ಕೆ ನಿಂಗೆ?”

“ಹನಿ ಹಾಕೂಕೆ ಬಂದಾಗ್ಲೂ ನೀವು ಬಾಗ್ಲು ಹಾಕಿದ್ರಿ ಈರಣ್ಣ. ಆದ್ರೂ ಹನಿ ಹಾಕಿಸ್ಕಂಡ ನಿಮ್ಮ ಆ ಮಗಳೇ ಈಗ ಕಬಡ್ಡಿಯಲ್ಲಿ ಜಿಲ್ಲೆಗೆ ಹೋಗಿ ಬಂದಳು, ಅಲ್ದಾ?”

ಮಾವ ನಕ್ಕ. ಆದರೆ ಬಗ್ಗಲಿಲ್ಲ. ರೂಪಕ್ಕ ಜಗಲಿಯಲ್ಲಿ ಕುಳಿತು ತಾಳ್ಮೆಯಿಂದ ಹೇಳಿದಳು. ಗುದ್ದಿ ಓಡಿದ ಗಾಡಿ ಯಾವುದೆಂದು ಗೊತ್ತಾಗದಿದ್ದರೂ, ದೊಡ್ಡ ಗಾಯವಾದವರಿಗೆ ಸರ್ಕಾರದ ಪರಿಹಾರ ಇದೆ. ಕಂದಾಯ ಇಲಾಖೆಯ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಅದಕ್ಕೆ ಪೊಲೀಸ್ ದೂರಿನ ನಕಲು ಬೇಕು, ದವಾಖಾನೆಯ ಕಾಗದ ಬೇಕು. ದೂರು ಕೊಟ್ಟವರು ಅಪರಾಧಿ ಆಗುವುದಿಲ್ಲ. ದಿನ ಹೋದಷ್ಟೂ ಗುರುತು ಅಳಿಯುತ್ತದೆ, ಕಂಡವರು ಮರೆಯುತ್ತಾರೆ. ಹುಡುಗಿಯ ಕಾಲಿಗೆ ಇನ್ನೊಂದು ಆಪರೇಶನ್ ಬೇಕಾದರೆ ಏನು ಮಾಡುತ್ತೀರಿ ಎಂದೂ ಕೇಳಿದಳು.

ಮಾವ ಎಲ್ಲ ಕೇಳಿ, “ಆತು, ಆತು. ಮದ್ವೆ ಒಂದು ಮುಗಿಲಿ,” ಎಂದ.

ಪೆಟ್ಟಾಗಿದೆ ಎಂದು ಕತಗಾಲದವರು ನೋಡಲು ಬರುವುದನ್ನು ಮುಂದೆ ಹಾಕಿದ್ದರು. ಮಾವ ತಾನೇ ಅಲ್ಲಿಗೆ ಹೋಗಿ ದವಾಖಾನೆಯ ಕಾಗದ ತೋರಿಸಿ ಬಂದ. ಪೊಲೀಸು ಇಲ್ಲ, ಕೇಸು ಇಲ್ಲ, ಸುಮ್ಮನೆ ಸೈಕಲ್ಲಿಂದ ಬಿದ್ದದ್ದು ಎಂದು ಹೇಳಿ ಬಂದನಂತೆ. ಪ್ಲಾಸ್ಟರು ತೆಗೆದು ಎರಡು ದಿನಕ್ಕೆ, ಸಂಬಂಧ ತಂದಿದ್ದ ದುರ್ಗಮ್ಮ ಉತ್ತರ ಹಿಡಿದುಕೊಂಡು ಬಂದಳು. ಅಂಗಳದಲ್ಲೇ ನಿಂತಳು. ಅವ್ವಿ ಎಲೆ ಅಡಿಕೆಯ ಕವಳದ ತಟ್ಟೆ ಮುಂದೆ ಹಿಡಿದರೂ ಎಲೆ ಮುಟ್ಟಲಿಲ್ಲ.

“ಬೇಜಾರು ಮಾಡ್ಕಬೇಡಿ. ಹಗಲು ಹೊತ್ತು, ನೆಟ್ಟಗಿನ ರಸ್ತೆ, ಯಾರೂ ಮುಟ್ಟಲಿಲ್ಲ, ಆದ್ರೂ ಕಾಲು ಮುರಿವಂಗೆ ಬೀಳ್ತದೆ ಅಂದ್ರೆ ಹುಡುಗಿಗೆ ಮೂರ್ಛೆರೋಗ ಉಂಟಾ ಅಂತ ಅವರು ಕೇಳಿದ್ರು.”

ಅವ್ವಿಯ ಕೈಯಿಂದ ತಟ್ಟೆ ಬಿತ್ತು. ಮಾವ ಎದ್ದು ನಿಂತ. ಅವಳಿಗೆ ಕಾರು ಗುದ್ದಿದ್ದು ಎಂದ. ನಮ್ಮ ಮನೆಯವರು ಹೊರಗಿನವರ ಮುಂದೆ ಆ ಮಾತು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಹಂಗಾದ್ರೆ ಕಾಗದದಲ್ಲಿ ತಾನೇ ಬಿದ್ದದ್ದು ಅಂತ ಎಂತಕ್ಕೆ ಬರೆಸಿದ್ರಿ?”

ಮಾವ ಬಗ್ಗಿ ಕೆಳಗೆ ಬಿದ್ದ ಎಲೆಗಳನ್ನು ಹೆಕ್ಕತೊಡಗಿದ. ದುರ್ಗಮ್ಮ ಸೆರಗು ಸರಿಮಾಡಿಕೊಂಡು ಹೋದಳು. ಮದುವೆ ತಪ್ಪಿದ್ದಕ್ಕೆ ನನಗೆ ಅಳು ಬರಲಿಲ್ಲ. ಇಲ್ಲದ ರೋಗವನ್ನು ನಮ್ಮ ಮನೆಯವರೇ ನನ್ನ ಹೆಸರಿಗೆ ಅಂಟಿಸಿ, ಊರು ದಾಟಿಸಿ ಬಂದರಲ್ಲ, ಅದಕ್ಕೆ ಬಂತು. ಕಾಲು ಮುರಿದದ್ದು ಕಾರು. ಉಳಿದದ್ದೆಲ್ಲ ನಾವೇ ಮಾಡಿಕೊಂಡದ್ದು.

ಮರುದಿನ ಈರ ಮಾವ ತಾನಾಗಿಯೇ ರೂಪಕ್ಕನ ಮನೆಗೆ ಹೋದ. ಮಾವ, ರೂಪಕ್ಕ, ನಾನು ಮೂವರೂ ಕೂಡಿ ಪೊಲೀಸ್ ಠಾಣೆಗೆ ಹೋದೆವು. ಸುಳ್ಳು ಬರೆಸಿದವನು ನಾನೇ, ಹುಡುಗಿಯ ತಪ್ಪಿಲ್ಲ ಎಂದು ಮಾವ ಮೊದಲೇ ಹೇಳಿಬಿಟ್ಟ. ಹೇಳುವಾಗ ಅವನ ಕುತ್ತಿಗೆ ಬಗ್ಗಿತ್ತು. ಅಲ್ಲಿಯವರು ಗದರಿಸಲಿಲ್ಲ, ದೂರು ಬರೆದುಕೊಂಡರು. ನಾನು ಹೆದರಿದ್ದಷ್ಟು ಏನೂ ಆಗಲಿಲ್ಲ. ಆದರೆ ಅವರು ಕೇಳಿದ್ದೆಲ್ಲ ನಮ್ಮ ಕೈ ತಪ್ಪಿಹೋಗಿತ್ತು. ಗಾಡಿಯ ನಂಬರು ಎಂದರು, ಗೊತ್ತಿಲ್ಲ. ಸೈಕಲ್ಲಿಗೆ ಗಾಡಿಯ ಬಣ್ಣ ಹತ್ತಿತ್ತೇ ಎಂದರು, ಹತ್ತಿತ್ತು, ತೊಳೆದೆವು. ದವಾಖಾನೆಯ ಕಾಗದ ಎಂದರು. ಅದು ತಾನೇ ಬಿದ್ದಳು ಎನ್ನುತ್ತದೆ. ಹಾಗಾದರೆ ಕಂಡವರು ಒಬ್ಬರಾದರೂ ಬರಲಿ ಎಂದರು. ಕಂದಾಯ ಕಚೇರಿಯಲ್ಲೂ ಇದೇ ಮಾತು. ನನ್ನ ಅರ್ಜಿ ಅಲ್ಲೇ ನಿಂತಿದೆ. ಬಲಗಾಲು ಒಂದು ಬೆರಳು ಗಿಡ್ಡವಾಗಿದೆ. ಆಪರೇಶನ್ ಬೇಗ ಆದರೆ ಸರಿಮಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ.

ಕೋಲು ಹಿಡಿದುಕೊಂಡು ನಾನು ಆ ಚಹಾದಂಗಡಿಗೆ ಹೋದೆ. ಗಂಡಸರು ಕುಳಿತ ಅಂಗಡಿಯಲ್ಲಿ ನಾನು ನಿಂತು ಮಾತಾಡಿದ್ದು ಅದೇ ಮೊದಲು. ಕಾರು ಗುದ್ದಿದ ಹೊತ್ತಿಗೆ ಅಂಗಡಿಯವರು ಹಾಲಿನ ಪಾತ್ರೆಯ ಕಡೆ ತಿರುಗಿದ್ದರಂತೆ. ಬೆಂಚಿನ ಮೇಲಿದ್ದ ಒಬ್ಬರಿಗೆ ನನ್ನ ಬಸಳೆ ಎಷ್ಟು ದೂರ ಚೆಲ್ಲಿತ್ತು ಎಂಬುದು ನೆನಪಿದೆ, ನಾನು ಉಟ್ಟ ಬಟ್ಟೆಯ ಬಣ್ಣ ನೆನಪಿದೆ.

“ಕಾರಾ? ಕಾರು ಮಾತ್ರ ನೋಡ್ಲಿಲ್ಲ ತಂಗಿ,” ಎಂದರು.

ಮೊದಲ ದಿನವೇ ನಿಜ ಹೇಳಬೇಕಿತ್ತು ಎನ್ನುವುದರಲ್ಲಿ ಈಗ ಮನೆಯಲ್ಲಿ ಯಾರಿಗೂ ಸಂಶಯವಿಲ್ಲ. ಅವ್ವಿ ಬಾವಿಕಟ್ಟೆಗೆ ಬರುವ ಹೆಂಗಸರಿಗೆಲ್ಲ ತಾನು ಏನು ತೊಳೆದೆ ಎಂದು ಹೇಳುತ್ತಾಳೆ. ಮಾವ ಹೆಂಗಸರ ಸಂಘದ ಸಭೆಗೆ ಬಂದು ಬಾಗಿಲ ಹತ್ತಿರ ಕೂರುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರನ್ನು ಗಾಡಿ ಕೆಡವಿ ಹೋದರೆ ಆದದ್ದನ್ನು ಆದ ಹಾಗೆಯೇ ಡಾಕ್ಟರಿಗೆ ಹೇಳಿ. ಮದುವೆಗಿರುವ ಹುಡುಗಿಯಾದರೂ ಹೇಳಿ. ಅದೇ ದಿನ ದೂರು ಕೊಟ್ಟು ನಕಲು ಕೇಳಿ ಇಟ್ಟುಕೊಳ್ಳಿ. ಸೈಕಲ್ಲಿಗೆ, ಬಟ್ಟೆಗೆ ನೀರು ಮುಟ್ಟಿಸಬೇಡಿ. ಪೊಲೀಸರು ನೋಡಲಿ, ಅಲ್ಲಿಯವರೆಗೆ ಹೊರಗೇ ಇರಲಿ. ರಸ್ತೆಯಲ್ಲಿ ಬಿದ್ದವರನ್ನು ಕಂಡರೆ ಸುತ್ತ ನಿಲ್ಲಬೇಡಿ, 108ಕ್ಕೆ ಫೋನು ಮಾಡಿ. ಗಾಯಾಳುವನ್ನು ದವಾಖಾನೆಗೆ ತಂದವರ ಮೇಲೆ ಕೇಸಿಲ್ಲ. ಹೆಸರು ಹೇಳಲೇಬೇಕೆಂದು ಅವರನ್ನು ಯಾರೂ ಒತ್ತಾಯಿಸುವ ಹಾಗಿಲ್ಲ. ಕಾನೂನೇ ಹಾಗೆ ಹೇಳುತ್ತದೆ.

ಈ ಬರಹವನ್ನು ರೂಪಕ್ಕ ಈವರೆಗೆ ಆರು ಸಂಘಗಳಲ್ಲಿ ಓದಿದ್ದಾಳೆ. ಓದಿ ಮುಗಿಸಿ, ಆ ಕಾರು ಕಂಡವರು ಇದ್ದೀರಾ ಎಂದು ಪ್ರತಿ ಸಲ ಕೇಳುತ್ತಾಳೆ. ಹೆಂಗಸರು ಚಾಪೆ ಮಡಚಿ ಏಳುತ್ತಾರೆ. ಆದರೂ ಇನ್ನೊಮ್ಮೆ ಕೇಳುತ್ತೇನೆ. ಆ ಬೆಳಗ್ಗೆ ಚಹಾದಂಗಡಿಯ ಮುಂದೆ ನಿಂತು ಹೋದ ಬಿಳಿ ಕಾರನ್ನು ನೀವು ಕಂಡಿದ್ದರೆ, ನಿಮ್ಮ ಮನೆಯವರು ಕಂಡಿದ್ದರೆ, ದಯವಿಟ್ಟು ಬಂದು ಹೇಳಿ.